ಬಾಟಲಿಯ ಮೇಲಿನ ಠೇವಣಿ: ಕಡಲತೀರದ ಪಂಚಾಯತಿಯೊಂದು ಇದನ್ನು ನಡೆಸಲು ಸಾಧ್ಯವೇ?

ಗಂಗಾವಳಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗೋಕರ್ಣದ ಆಸುಪಾಸಿನ ಒಂದು ಗ್ರಾಮ ಪಂಚಾಯತಿಯಲ್ಲಿ ಒಣಕಸ ಸಂಗ್ರಹಿಸುವ ಸ್ವಸಹಾಯ ಸಂಘದ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಸ್ವಚ್ಛ ವಾಹಿನಿ ಓಡಿಸುವವರಿಂದ ಹಿಡಿದು ಘಟಕದಲ್ಲಿ ಕುಳಿತು ಬೇರ್ಪಡಿಸುವವರವರೆಗೆ ಎಲ್ಲರೂ ಊರಿನ ಹೆಂಗಸರೇ. ಮನೆಗಳಿಂದ ಬರುವ ತಿಂಗಳ ಶುಲ್ಕ ಅಷ್ಟಕ್ಕಷ್ಟೆ. ಡೀಸೆಲ್ಲಿಗೂ ಗೌರವಧನಕ್ಕೂ ಬೀಳುವ ಕೊರತೆಯನ್ನು ಗುಜರಿಗೆ ಮಾರಿದ ಮಾಲಿನ ಹಣದಿಂದ ತುಂಬಿಕೊಳ್ಳುತ್ತೇವೆ. ಆ ಮಾಲಿನಲ್ಲಿ ನಿಜವಾಗಿ ದುಡ್ಡು ತರುವುದು ಎರಡೇ: ರಟ್ಟು ಮತ್ತು ನೀರಿನ ಬಾಟಲಿ.

ಕಳೆದ ಸಭೆಯಲ್ಲಿ ಸದಸ್ಯರೊಬ್ಬರು ನೀಲಗಿರಿ ಜಿಲ್ಲೆಯ ಪದ್ಧತಿಯನ್ನು ಪ್ರಸ್ತಾಪಿಸಿದರು. ಅಲ್ಲಿ ಮದ್ಯದ ಬಾಟಲಿಗೆ ಹತ್ತು ರೂಪಾಯಿ ಹೆಚ್ಚುವರಿಯಾಗಿ ಪಡೆದು, ಖಾಲಿ ಬಾಟಲಿ ತಂದುಕೊಟ್ಟವರಿಗೆ ಅದನ್ನು ಮರಳಿಸುತ್ತಾರಂತೆ. ನಮ್ಮ ತೀರದ ಅಂಗಡಿ, ಹೋಟೆಲು, ಕೆಫೆಗಳಲ್ಲಿಯೂ ನೀರಿನ ಬಾಟಲಿಗೂ ಬಿಯರ್ ಬಾಟಲಿಗೂ ಹೀಗೆಯೇ ಮಾಡೋಣ, ಪಂಚಾಯತಿಯಿಂದ ಒಂದು ಠರಾವು ಪಾಸು ಮಾಡಿಬಿಡೋಣ ಎಂಬುದು ಅವರ ಸಲಹೆ. ಸಭೆಯಲ್ಲಿ ಎಲ್ಲರಿಗೂ ಇದು ಒಪ್ಪಿಗೆಯಾಯಿತು. ಹೊರಗೆ ಬಂದ ಮೇಲೆ ನಮ್ಮ ಸಂಘದ ಹಿರಿಯರೊಬ್ಬರು ಮಾತ್ರ, “ಬಾಟ್ಲಿ ಎಲ್ಲಾ ಅಂಗಡಿಗೇ ಹೋದ್ರೆ ನಮ್ಮ ಚೀಲಕ್ಕೆ ಎಂತ ಉಳೀತದೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ. ಇಂಥ ಠೇವಣಿಯನ್ನು ವಿಧಿಸುವುದು ಒಂದು ಪಂಚಾಯತಿಯ ಕೈಯಲ್ಲಿದೆಯೇ? ಹಿಂದೆ ಗಾಜಿನ ಬಾಟಲಿಯ ತಂಪು ಪಾನೀಯಗಳು ಯಾವ ಕಾನೂನೂ ಇಲ್ಲದೆ ಖಾಲಿಯಾಗಿ ಮರಳಿ ಹೋಗುತ್ತಿದ್ದವಲ್ಲ, ಈಗಿನ ಪ್ಲಾಸ್ಟಿಕ್ ಬಾಟಲಿ ಯಾಕೆ ಹೋಗುವುದಿಲ್ಲ? ಮತ್ತು ಆ ಹಿರಿಯರ ಪ್ರಶ್ನೆಗೆ ಏನು ಹೇಳಬೇಕು?

ಹಳೆಮಾಲು ಕಾರವಾರ

ತಂದೆಯವರ ಕಾಲದಿಂದ ಕಾರವಾರದಲ್ಲಿ ನಮ್ಮದು ಗುಜರಿ ವ್ಯಾಪಾರ. ಕಾನೂನಿನ ಭಾಗವನ್ನು ಬೇರೆಯವರು ಹೇಳಲಿ, ನಾನು ಮಾಲಿನ ಲೆಕ್ಕವನ್ನಷ್ಟೇ ಹೇಳುತ್ತೇನೆ. ಠೇವಣಿಯ ಮಾತು ಬಂದಾಗಲೆಲ್ಲ “ಬಾಟಲಿ” ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ನಮ್ಮ ತಕ್ಕಡಿಯ ಮುಂದೆ ಅವು ನಾಲ್ಕು ಬೇರೆ ಬೇರೆ ವಸ್ತುಗಳು.

ಮೊದಲನೆಯದು ನೀರಿನ ಬಾಟಲಿ. ಒಂದು ಲೀಟರಿನ ಖಾಲಿ ಬಾಟಲಿ ಇಪ್ಪತ್ತು, ಇಪ್ಪತ್ತೈದು ಗ್ರಾಂ ತೂಗುತ್ತದೆ, ಅಂದರೆ ಒಂದು ಕಿಲೋ ಆಗಬೇಕಾದರೆ ನಲವತ್ತರಿಂದ ಐವತ್ತು ಬಾಟಲಿ ಬೇಕು. ಕಿಲೋಗೆ 25 ರೂಪಾಯಿ ಸಿಕ್ಕಿತು ಎಂದಿಟ್ಟುಕೊಂಡರೂ ಒಂದು ಬಾಟಲಿಗೆ ಐವತ್ತು ಅರವತ್ತು ಪೈಸೆಯಾಯಿತು. ಆ ಐವತ್ತು ಪೈಸೆಗಾಗಿ ಯಾವ ಪ್ರವಾಸಿಯೂ ಬಗ್ಗುವುದಿಲ್ಲ, ಆದರೆ ದಿನವಿಡೀ ಚೀಲ ಹೊತ್ತು ತಿರುಗುವವರು ಬಗ್ಗುತ್ತಾರೆ. ನಮ್ಮ ದೇಶದಲ್ಲಿ ನೀರಿನ ಬಾಟಲಿ ಅಷ್ಟಾದರೂ ಮರಳಿ ಬರುತ್ತಿರುವುದು ಇವರಿಂದಲೇ. ಇನ್ನೊಂದು ಮಾತು: ಬಿಡಿ ಬಾಟಲಿಗಳನ್ನು ಲಾರಿಗೆ ತುಂಬಿದರೆ ನೀವು ಸಾಗಿಸುವುದು ಹೆಚ್ಚಾಗಿ ಗಾಳಿಯನ್ನೇ. ಒತ್ತುವ ಯಂತ್ರದಲ್ಲಿ ಬೇಲು (ಬಿಗಿಯಾದ ಮೂಟೆ) ಕಟ್ಟದೆ ಅರಬೈಲ್ ಘಟ್ಟ ಹತ್ತಿಸಿ ಹುಬ್ಬಳ್ಳಿಯ ಕಡೆಗೆ ಕಳುಹಿಸಿದರೆ, ಲಾಭವೆಲ್ಲ ಬಾಡಿಗೆಗೆ ಹೋಗುತ್ತದೆ. ಮಳೆಗಾಲದಲ್ಲಿ ಕಡಲು ದಡಕ್ಕೆ ತಂದು ಹಾಕುವ ಬಾಟಲಿಗಳ ಕತೆ ಇನ್ನೂ ಬೇರೆ. ಒಳಗೆ ಮರಳು ತುಂಬಿರುತ್ತದೆ, ತೂಕದಲ್ಲಿ ಕಡಿತ ಮಾಡದೆ ಕೊಳ್ಳುವಂತಿಲ್ಲ. ಬಿಸಿಲಿಗೆ ಬಿಳಚಿಕೊಂಡ ಮಾಲನ್ನು ಮುಂದಿನವರು ಕೊಳ್ಳುವುದೂ ಇಲ್ಲ.

ಎರಡನೆಯದು ಬಿಯರ್ ಬಾಟಲಿ. ಇದನ್ನು ತೂಕಕ್ಕಲ್ಲ, ಎಣಿಕೆಗೆ ಕೊಳ್ಳುತ್ತೇವೆ. ದೊಡ್ಡ ಬಾಟಲಿಯ ಅಚ್ಚು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅದು ತೊಳೆದು ಮತ್ತೆ ತುಂಬಲು ಹೋಗುತ್ತದೆ. ಕೊಳ್ಳುವಾಗ ಬಾಯಿಯ ಸುತ್ತ ಬೆರಳಾಡಿಸುತ್ತೇವೆ. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಎದ್ದಿದ್ದರೂ ಅದು ಮುರುಕು ಗಾಜಿನ ರಾಶಿಗೆ. ಹಾಗಾಗಿ ಈ ಒಂದು ವಸ್ತುವಿನ ಮಟ್ಟಿಗೆ ಠೇವಣಿ ಇಲ್ಲದಿದ್ದರೂ ಮರಳುವ ದಾರಿ ಈಗಾಗಲೇ ಇದೆ. ಬಾರುಗಳವರು ಬಾಟಲಿಯನ್ನು ಬಿಸಾಡುವುದಿಲ್ಲ, ಹುಡುಗರಿಂದ ಪೆಟ್ಟಿಗೆಗೆ ತುಂಬಿಸಿಟ್ಟು ಮಾರುತ್ತಾರೆ. ಬಿಸಾಡುವವರು ತೀರದಲ್ಲಿ ಕುಳಿತು ಕುಡಿಯುವವರು.

ಮೂರನೆಯದು ಕ್ವಾರ್ಟರ್ ಬಾಟಲಿ ಮತ್ತು ಬೇರೆ ಬೇರೆ ಆಕಾರದ ಮದ್ಯದ ಬಾಟಲಿಗಳು. ಒಂದೊಂದು ಬ್ರಾಂಡಿಗೆ ಒಂದೊಂದು ಅಚ್ಚು. ಮತ್ತೆ ತುಂಬಲು ಬಾರದ ಮಾಲೆಲ್ಲ ಪುಡಿಗಾಜಿನ ದರಕ್ಕೆ ಇಳಿಯುತ್ತದೆ. ಪುಡಿಗಾಜು ಭಾರ ಹೆಚ್ಚು, ಬೆಲೆ ಕಡಿಮೆ. ಕರಗಿಸುವ ಕಾರ್ಖಾನೆ ನಮ್ಮ ಹತ್ತಿರದಲ್ಲಿಲ್ಲ. ಇದನ್ನು ನಿಜ ಹೇಳಬೇಕೆಂದರೆ ನಾವು ಮುಖ ನೋಡಿ ಕೊಳ್ಳುತ್ತೇವೆ, ಲಾಭಕ್ಕಲ್ಲ.

ನಾಲ್ಕನೆಯದು ಬಾಟಲಿಯೇ ಅಲ್ಲ, ಆದರೆ ನಮ್ಮ ರಾಜ್ಯದಲ್ಲಿ ಇದನ್ನು ಬಿಟ್ಟು ಮಾತಾಡುವುದು ತಪ್ಪಾಗುತ್ತದೆ: 90 ಮತ್ತು 180 ಮಿಲಿಲೀಟರಿನ ಮದ್ಯದ ಟೆಟ್ರಾ ಪ್ಯಾಕು. ರಟ್ಟು, ಪ್ಲಾಸ್ಟಿಕ್, ಅಲ್ಯುಮಿನಿಯಂ ಮೂರನ್ನೂ ಒಂದರ ಮೇಲೊಂದು ಅಂಟಿಸಿದ ಈ ವಸ್ತುವನ್ನು ಬಿಡಿಸಲು ಬೇರೆಯೇ ಗಿರಣಿ ಬೇಕು. ತೀರದ ಗಾಳಿಮರಗಳ ಬುಡದಲ್ಲಿ ಒಮ್ಮೆ ಕಣ್ಣಾಡಿಸಿದರೆ ಯಾವುದು ಹೆಚ್ಚು ಬಿದ್ದಿದೆ ಎಂಬುದು ನಿಮಗೇ ಕಾಣುತ್ತದೆ. ನಿಮ್ಮ ಠರಾವಿನಲ್ಲಿ “ನೀರಿನ ಬಾಟಲಿ, ಬಿಯರ್ ಬಾಟಲಿ” ಎಂದು ಮಾತ್ರ ಇದ್ದರೆ, ಈಗಾಗಲೇ ಬೆಲೆ ಇರುವ ಎರಡಕ್ಕೆ ನೀವು ಇನ್ನಷ್ಟು ಬೆಲೆ ಕಟ್ಟಿದಂತಾಯಿತು. ಯಾರೂ ಮುಟ್ಟದ ಎರಡನ್ನು ಹಾಗೆಯೇ ಬಿಟ್ಟಂತಾಯಿತು.

ಶಿರಸಿ ನಿವೃತ್ತ ಉಪನ್ಯಾಸಕ

ಮೇಲಿನವರು ಮಾಲಿನ ಲೆಕ್ಕವನ್ನು ಇಷ್ಟು ಬಿಡಿಸಿ ಹೇಳಿದ್ದರಿಂದ ನನ್ನ ಕೆಲಸ ಅರ್ಧ ಹಗುರಾಯಿತು. ಅರ್ಥಶಾಸ್ತ್ರ ಕಲಿಸಿದ ಅನುಭವದಿಂದ ಉಳಿದದ್ದನ್ನು ಸೇರಿಸುತ್ತೇನೆ.

ಹಳೆಯ ತಂಪು ಪಾನೀಯದ ಬಾಟಲಿ ಮರಳಿ ಹೋಗುತ್ತಿದ್ದುದಕ್ಕೆ ಜನರ ಸದ್ಗುಣ ಕಾರಣವಲ್ಲ. ಒಳಗಿನ ಪಾನೀಯಕ್ಕಿಂತ ಹೊರಗಿನ ಗಾಜು ದುಬಾರಿಯಾಗಿತ್ತು. ಆದ್ದರಿಂದ ಕಂಪನಿಯವರು ಅಂಗಡಿಕಾರರಿಂದ ಪೆಟ್ಟಿಗೆಗೂ ಬಾಟಲಿಗೂ ಡಿಪಾಸಿಟ್ ಹಿಡಿದಿಟ್ಟುಕೊಳ್ಳುತ್ತಿದ್ದರು, ಅಂಗಡಿಕಾರ ಗಿರಾಕಿಯನ್ನು ಅಲ್ಲಿಯೇ ನಿಲ್ಲಿಸಿ ಕುಡಿಸುತ್ತಿದ್ದ, ಮನೆಗೆ ಒಯ್ಯುವವರಿಂದ ಅವನೂ ಹಣ ಇರಿಸಿಕೊಳ್ಳುತ್ತಿದ್ದ. ತುಂಬಿದ ಪೆಟ್ಟಿಗೆ ಇಳಿಸಿದ ಲಾರಿಯೇ ಖಾಲಿ ಪೆಟ್ಟಿಗೆ ಏರಿಸಿಕೊಂಡು ಹೋಗುತ್ತಿದ್ದುದರಿಂದ ಮರುಪ್ರಯಾಣಕ್ಕೆ ಪ್ರತ್ಯೇಕ ಬಾಡಿಗೆ ಬೀಳುತ್ತಿರಲಿಲ್ಲ. ಹಗುರವಾದ ಪ್ಲಾಸ್ಟಿಕ್ ಬಾಟಲಿ ಬಂದಾಗ ತಯಾರಕರಿಗೆ ತೊಳೆಯುವ ಖರ್ಚು, ಒಡೆಯುವ ನಷ್ಟ, ಮರುಸಾಗಣೆ ಮೂರೂ ಒಟ್ಟಿಗೆ ಉಳಿತಾಯವಾದವು. ಆ ಖರ್ಚು ಮಾಯವಾಗಲಿಲ್ಲ, ಸ್ಥಳ ಬದಲಾಯಿಸಿತು. ಈಗ ಅದು ಗಂಗಾವಳಿ ದಂಡೆಯವರ ಸ್ವಚ್ಛ ವಾಹಿನಿಯ ಡೀಸೆಲ್ ಲೆಕ್ಕದಲ್ಲಿ ಕುಳಿತಿದೆ.

ಠೇವಣಿ ಪದ್ಧತಿ ಎಂದರೆ ಆ ಹಳೆಯ ಬಂಧವನ್ನು ಕಾನೂನಿನ ಮೂಲಕ ಮತ್ತೆ ಕಟ್ಟುವ ಪ್ರಯತ್ನ. ಅಮೆರಿಕದ ಓರೆಗಾನ್ ರಾಜ್ಯ 1971ರಲ್ಲಿ ಬಾಟಲಿಗೆ 5 ಸೆಂಟ್ ಎಂದು ಗೊತ್ತುಮಾಡಿತು. ಹಣದ ಬೆಲೆ ಇಳಿಯುತ್ತಾ ಹೋದರೂ ಆ ಐದು ಸೆಂಟ್ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಐದೇ ಆಗಿ ಉಳಿಯಿತು. ಮರಳುವ ಪ್ರಮಾಣ ಸತತ ಎರಡು ವರ್ಷ ಶೇ. 80ಕ್ಕಿಂತ ಕೆಳಗಿಳಿದ ಮೇಲೆ 2017ರಲ್ಲಿ ಅದನ್ನು 10 ಸೆಂಟ್‌ಗೆ ಏರಿಸಲಾಯಿತು. ಜರ್ಮನಿ 2003ರಲ್ಲಿ ಒಮ್ಮೆ ಬಳಸಿ ಎಸೆಯುವ ಬಾಟಲಿಗಳಿಗೆ 25 ಯೂರೋ ಸೆಂಟ್ ನಿಗದಿಪಡಿಸಿತು; ಆದರೆ ತೊಳೆದು ಮತ್ತೆ ತುಂಬುವ ಸಾಮಾನ್ಯ ಬಿಯರ್ ಬಾಟಲಿಗೆ ಅಲ್ಲಿ 8 ಸೆಂಟ್ ಮಾತ್ರ. ತಾನಾಗಿ ಮರಳುವ ಬಾಟಲಿಗೆ ಕಡಿಮೆ, ಕಳೆದುಹೋಗುವ ಬಾಟಲಿಗೆ ಹೆಚ್ಚು ಎಂಬುದನ್ನು ಗಮನಿಸಿ. ಕಾರವಾರದ ವ್ಯಾಪಾರಿಗಳು ಹೇಳಿದ ಕೊನೆಯ ಮಾತಿಗೂ ಇದಕ್ಕೂ ಸಂಬಂಧವಿದೆ.

ಎಲ್ಲರ ಗಮನವೂ ಆ ಹತ್ತು ರೂಪಾಯಿಯ ಮೇಲೆಯೇ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಇಡೀ ವ್ಯವಸ್ಥೆಯಲ್ಲಿ ಸುಲಭದ ಭಾಗ, ಏಕೆಂದರೆ ಅದು ಒಂದು ಕೈಯಿಂದ ಬಂದು ಇನ್ನೊಂದು ಕೈಗೆ ಹೋಗುವ ಹಣ, ಯಾರ ಗಳಿಕೆಯೂ ಅಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡಿವೆ. ಬಾಟಲಿಯನ್ನು ಎಣಿಸಿ, ಇರಿಸಿ, ಕಟ್ಟಿ, ಕಳುಹಿಸುವವರ ಕೂಲಿಯನ್ನು ಯಾರು ಕೊಡುತ್ತಾರೆ? ಮರಳದೇ ಉಳಿದ ಬಾಟಲಿಗಳ ಠೇವಣಿ ಯಾರ ಪೆಟ್ಟಿಗೆಗೆ ಸೇರುತ್ತದೆ?

ಮೊದಲನೆಯದಕ್ಕೆ ನ್ಯೂಯಾರ್ಕ್ ರಾಜ್ಯದ ಉತ್ತರ ಹೀಗಿದೆ: ಬಾಟಲಿಯನ್ನು ಸ್ವೀಕರಿಸಿದ ಅಂಗಡಿಗೆ ಅಥವಾ ಕೇಂದ್ರಕ್ಕೆ, ಗ್ರಾಹಕನಿಗೆ ಕೊಟ್ಟ 5 ಸೆಂಟ್ ಮಾತ್ರವಲ್ಲದೆ, ಪ್ರತಿ ಬಾಟಲಿಗೆ 3.5 ಸೆಂಟ್ ನಿರ್ವಹಣಾ ಶುಲ್ಕವನ್ನು ಪಾನೀಯದ ವಿತರಕರು ಕೊಡಬೇಕು. ಈ ಭಾಗವನ್ನು ಸರಿಯಾಗಿ ಕಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾ ಇದೆ. ಅಲ್ಲಿ ಬಾಟಲಿ ಕೊಳ್ಳುವ ಕೇಂದ್ರಗಳ ಆದಾಯ ಗುಜರಿ ದರಕ್ಕೂ ಸರಕಾರದ ಸಹಾಯಧನಕ್ಕೂ ಜೋತುಬಿದ್ದಿತ್ತು. ದರ ಕುಸಿದು, ಸಹಾಯಧನ ಆ ಕುಸಿತವನ್ನು ತುಂಬದೆ ಹೋದಾಗ, 2019ರ ಆಗಸ್ಟ್‌ನಲ್ಲಿ ಅತಿ ದೊಡ್ಡ ಸಂಸ್ಥೆಯೊಂದು ತನ್ನ 284 ಕೇಂದ್ರಗಳನ್ನೂ ಒಂದೇ ಬಾರಿಗೆ ಮುಚ್ಚಿತು. ಗ್ರಾಹಕರು ಪಾನೀಯ ಕೊಳ್ಳುವಾಗ ಠೇವಣಿ ಕಟ್ಟುವುದು ಮಾತ್ರ ನಿಲ್ಲಲಿಲ್ಲ, ಬಾಟಲಿ ಮರಳಿಸುವ ಜಾಗ ದೂರವಾಯಿತು. ಹಾಗೆ ಠೇವಣಿ ಕಟ್ಟಿ ಮರಳಿ ಪಡೆಯಲಾಗದಿದ್ದರೆ ಅದು ತೆರಿಗೆಯೇ ಸರಿ.

ಎರಡನೆಯ ಪ್ರಶ್ನೆಗೆ ಉತ್ತರಗಳು ಒಂದೊಂದು ಕಡೆ ಒಂದೊಂದು ತೆರ. ಮಿಶಿಗನ್‌ನಲ್ಲಿ ಉಳಿದ ಹಣದ ಮುಕ್ಕಾಲು ಭಾಗ ರಾಜ್ಯಕ್ಕೆ, ಕಾಲು ಭಾಗ ಅಂಗಡಿಗಳಿಗೆ. ಜರ್ಮನಿಯಲ್ಲಿ ಅದು ವ್ಯಾಪಾರದವರ ಬಳಿಯೇ ಉಳಿಯುತ್ತದೆ, ಅಂದರೆ ಜನ ಬಾಟಲಿ ಮರೆತಷ್ಟೂ ಅವರಿಗೆ ಲಾಭ. ನನಗೆ ಮೆಚ್ಚುಗೆಯಾದದ್ದು ನಾರ್ವೆಯ ಕ್ರಮ. ಅಲ್ಲಿ ಪಾನೀಯದ ಬಾಟಲಿ, ಡಬ್ಬಿಗಳ ಮೇಲೆ ಪರಿಸರ ತೆರಿಗೆಯೊಂದಿದೆ. ಬಾಟಲಿಗಳು ಮರಳುವ ಪ್ರಮಾಣ ಏರಿದಂತೆ ಆ ತೆರಿಗೆ ಇಳಿಯುತ್ತದೆ, ಶೇ. 95 ತಲುಪಿದರೆ ಪೂರ್ತಿ ಮನ್ನಾ. ಅಲ್ಲಿ ಬಾಟಲಿ ಮರಳಿದಷ್ಟೂ ತಯಾರಕನ ಜೇಬಿಗೇ ಉಳಿತಾಯ.

ಈಗ ನಮ್ಮ ಕಡೆಗೆ. ನೀಲಗಿರಿಯಲ್ಲಿ ಅದು ನಡೆದದ್ದಕ್ಕೆ ಕಾರಣಗಳಿವೆ. ಕಾಡಿನಲ್ಲಿ ಎಸೆದ ಗಾಜು ಆನೆಗಳ, ಇತರ ಪ್ರಾಣಿಗಳ ಕಾಲಿಗೆ ಹೊಕ್ಕುತ್ತಿದೆ ಎಂಬ ವಿಚಾರ ಮದ್ರಾಸ್ ಹೈಕೋರ್ಟಿನ ಮುಂದೆ ಬಂದು, ಅದರ ಆದೇಶದ ಮೇರೆಗೆ 2022ರಲ್ಲಿ ಯೋಜನೆ ಆರಂಭವಾಯಿತು. ತಮಿಳುನಾಡಿನಲ್ಲಿ ಮದ್ಯದ ಚಿಲ್ಲರೆ ಮಾರಾಟವೂ ಸರಕಾರದ ಟಾಸ್ಮಾಕ್ ಕೈಯಲ್ಲಿಯೇ ಇರುವುದರಿಂದ, ಹಣ ಪಡೆಯುವವರೂ ಮರಳಿಸುವವರೂ ಒಬ್ಬರೇ. ಕೇರಳದ ಸರಕಾರಿ ಮದ್ಯ ಮಾರಾಟ ನಿಗಮ ಬೆವ್ಕೋ 2025ರ ಸೆಪ್ಟೆಂಬರ್‌ನಲ್ಲಿ ತಿರುವನಂತಪುರ ಮತ್ತು ಕಣ್ಣೂರಿನಲ್ಲಿ 20 ರೂಪಾಯಿಯ ಠೇವಣಿಯನ್ನು ಪ್ರಯೋಗಕ್ಕೆ ತಂದಾಗಲೂ ಅದೇ ಅನುಕೂಲವಿತ್ತು. ಕರ್ನಾಟಕದಲ್ಲಿ ಸಗಟು ವ್ಯಾಪಾರ ಮಾತ್ರ ಸರಕಾರದ ಪಾನೀಯ ನಿಗಮವಾದ ಕೆಎಸ್‌ಬಿಸಿಎಲ್‌ನದು. ಚಿಲ್ಲರೆಯಲ್ಲಿ ಸರಕಾರಿ ಸಂಸ್ಥೆ ಎಂಎಸ್‌ಐಎಲ್‌ನ ಮಳಿಗೆಗಳನ್ನು ಬಿಟ್ಟರೆ ಉಳಿದ ವೈನ್ ಶಾಪು, ಬಾರುಗಳೆಲ್ಲ ಖಾಸಗಿಯವರವು. ಹಾಗೆಂದು ಇಲ್ಲಿ ಅಸಾಧ್ಯವೇನಲ್ಲ. ಎಲ್ಲ ಬಾಟಲಿಗಳೂ ಕೆಎಸ್‌ಬಿಸಿಎಲ್ ಡಿಪೋ ಮೂಲಕವೇ ಹಾಯುವುದರಿಂದ ಠೇವಣಿಯನ್ನು ಅಲ್ಲಿಯೇ ಹಿಡಿಯಬಹುದು. ಆದರೆ ಅದು ಬೆಂಗಳೂರಿನಲ್ಲಿ ಆಗಬೇಕಾದ ತೀರ್ಮಾನ, ಗೋಕರ್ಣದ ಪಕ್ಕದ ಪಂಚಾಯತಿಯ ಠರಾವಿನಿಂದ ಆಗುವಂಥದ್ದಲ್ಲ.

ದೇವಸ್ಥಾನ ಬೀದಿ, ಮುರ್ಡೇಶ್ವರ

ಅಂಗಡಿಯ ಗಲ್ಲಾದ ಹಿಂದೆ ಕುಳಿತವನ ಮಾತನ್ನೂ ಕೇಳಿ.

ನೀರಿನ ಬಾಟಲಿಯ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುತ್ತದೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡರೂ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು ಎಂಬುದು ಈಗ ಪ್ರತಿಯೊಬ್ಬ ಪ್ರವಾಸಿಗೂ ಗೊತ್ತು. “ಇದು ಬೆಲೆಯಲ್ಲ, ಠೇವಣಿ” ಎಂದು ನಾನು ಮೂರು ಭಾಷೆಗಳಲ್ಲಿ ವಿವರಿಸುವಷ್ಟರಲ್ಲಿ ಅವರು ಮೊಬೈಲ್ ತೆಗೆದು ವಿಡಿಯೋ ಮಾಡಲು ಶುರುಮಾಡುತ್ತಾರೆ. ಪಂಚಾಯತಿಯ ಠರಾವಿನ ಪ್ರತಿಯನ್ನು ಗೋಡೆಗೆ ಅಂಟಿಸಿದರೆ ಅದನ್ನು ಯಾರೂ ಓದುವುದಿಲ್ಲ.

ಎರಡನೆಯದಾಗಿ, ಬಸ್ಸಿನಲ್ಲಿ ಬಂದವರು ನನ್ನಲ್ಲಿ ಬಾಟಲಿ ಕೊಂಡು, ಹೊನ್ನಾವರದ ಶರಾವತಿ ಸೇತುವೆ ದಾಟುವಾಗ ಕುಡಿದು ಮುಗಿಸುತ್ತಾರೆ. ಹತ್ತು ರೂಪಾಯಿಗಾಗಿ ತಿರುಗಿ ಬರುವವರುಂಟೇ? ಕೊಂಡ ಅಂಗಡಿಯಲ್ಲಿಯೇ ಮರಳಿಸಬೇಕು ಎಂದರೆ ಪ್ರವಾಸಿಗೆ ಅದು ಇಲ್ಲದ ಯೋಜನೆ. ಯಾವ ಅಂಗಡಿಯಲ್ಲಿಯಾದರೂ ಮರಳಿಸಬಹುದು ಎಂದರೆ, ನಾನು ಮಾರದ ಬಾಟಲಿಗೆ ನನ್ನ ಗಲ್ಲಾದಿಂದ ಹಣ ಹೋಗುತ್ತದೆ. ಅದನ್ನು ನನಗೆ ಯಾರು, ಯಾವಾಗ ತುಂಬಿಕೊಡುತ್ತಾರೆ? ಖಾಲಿ ಬಾಟಲಿಯ ಮೂಟೆ ಇಡಲು ಜಾಗ ಬೇಕು, ಸಿಹಿ ಪಾನೀಯದ ಬಾಟಲಿಗೆ ಇರುವೆ ಮುತ್ತುತ್ತದೆ, ಬಿಯರ್ ಬಾಟಲಿಯ ವಾಸನೆಗೆ ದೇವಸ್ಥಾನಕ್ಕೆ ಹೋಗುವ ಗಿರಾಕಿ ಮೂಗು ಮುಚ್ಚಿಕೊಳ್ಳುತ್ತಾರೆ. ಉಪನ್ಯಾಸಕರು ಹೇಳಿದ ಆ ಮೂರೂವರೆ ಸೆಂಟ್‌ನಂಥದ್ದು ನಮಗೂ ಇದ್ದರೆ ಒಂದು ಮೂಲೆ ಖಾಲಿ ಮಾಡಿಕೊಡುತ್ತೇನೆ. ಇಲ್ಲದಿದ್ದರೆ ಮೊದಲ ದಿನವೇ ಜಗಳ.

ಮಾಜಾಳಿ ನಾಕಾ

ಗಡಿಯ ವಿಷಯವನ್ನು ಯಾರೂ ಎತ್ತಲಿಲ್ಲ. ಗೋವಾ ಸರಕಾರ 2024ರಲ್ಲಿಯೇ ಠೇವಣಿ ಮರುಪಾವತಿ ಯೋಜನೆಯ ಅಧಿಸೂಚನೆ ಹೊರಡಿಸಿದೆ. ಅದು ಪೂರ್ತಿಯಾಗಿ ಜಾರಿಗೆ ಬಂದ ದಿನ ನಮ್ಮ ಕಡೆ ಏನಾಗಬಹುದು ಎಂದು ಯೋಚಿಸಿ. ಗೋವಾದಿಂದ ಕಾರವಾರಕ್ಕೆ ಬಾಟಲಿಗಳು ಹೇಗೆ ಬರುತ್ತವೆ ಎಂಬುದು ನಮ್ಮಲ್ಲಿ ಗುಟ್ಟೇನಲ್ಲ; ಚೆಕ್‌ಪೋಸ್ಟಿನಲ್ಲಿ ಹಿಡಿದದ್ದು ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಅಂಥ ಬಾಟಲಿ ನಮ್ಮ ತೀರದಲ್ಲಿ ಖಾಲಿಯಾಗಿ ಬಿದ್ದಿದ್ದರೆ, ಅದರ ಮೇಲೆ ಗೋವಾದ ಗುರುತಿದ್ದರೆ, ಗೋವಾ ಗಡಿಯ ಪೋಳೆ ದಾಟಿಸಿದ ತಕ್ಷಣ ಅದು ನಗದು. ತುಂಬಿದ ಬಾಟಲಿ ತೆಂಕಣಕ್ಕೆ, ಖಾಲಿ ಬಾಟಲಿ ಬಡಗಣಕ್ಕೆ, ಎರಡೂ ಕದ್ದುಮುಚ್ಚಿ. ಖಾಲಿ ಬಾಟಲಿಯ ಕಳ್ಳಸಾಗಣೆಯನ್ನು ಮಾತ್ರ ಹಿಡಿಯದೆ ಬಿಟ್ಟರೆ ಕಾರವಾರದ ದಂಡೆಗೆ ಒಳ್ಳೆಯದೇ!

ತಮಾಷೆ ಬದಿಗಿರಲಿ. ಮಿಶಿಗನ್‌ನಲ್ಲಿ 10 ಸೆಂಟ್ ಸಿಗುತ್ತದೆಂದು, ಠೇವಣಿ ಇಲ್ಲದ ನೆರೆ ರಾಜ್ಯಗಳಿಂದ ಖಾಲಿ ಡಬ್ಬಿ ತಂದು ಕೊಡುವವರ ಕಾಟ ಎಷ್ಟಾಯಿತೆಂದರೆ ಅದನ್ನು ಅಲ್ಲಿ ಅಪರಾಧವೆಂದು ಕಾನೂನು ಮಾಡಬೇಕಾಯಿತು. ಗಂಗಾವಳಿ ದಂಡೆಯವರ ಪಂಚಾಯತಿ ಒಂದೇ ಹತ್ತು ರೂಪಾಯಿ ಕೊಡುವುದಾಗಿ ಸಾರಿದರೆ, ಐವತ್ತು ಪೈಸೆಯ ವಸ್ತುವಿಗೆ ಇಪ್ಪತ್ತು ಪಟ್ಟು ಬೆಲೆ. ಅಂಕೋಲಾ, ಕುಮಟಾ, ಹೊನ್ನಾವರದ ಬಾಟಲಿಗಳೆಲ್ಲ ಅಲ್ಲಿಗೇ ಬಂದಾವು. ಆದ್ದರಿಂದ ಠೇವಣಿ ಕಟ್ಟಿದ ಬಾಟಲಿಗೆ ನಕಲು ಮಾಡಲಾಗದ ಗುರುತು ಬೇಕೇ ಬೇಕು. ಮದ್ಯದ ಬಾಟಲಿಯ ಮೇಲೆ ಅಬಕಾರಿ ಇಲಾಖೆಯ ಚೀಟಿ ಇದೆಯಲ್ಲ ಎನ್ನಬಹುದು. ಅದನ್ನು ಅಂಟಿಸುವುದು ಮುಚ್ಚಳದ ಮೇಲೆ, ಬಾಟಲಿ ತೆರೆದಾಗಲೇ ಅದು ಹರಿಯುತ್ತದೆ. ಹರಿಯಲೆಂದೇ ಅದನ್ನು ಅಲ್ಲಿ ಅಂಟಿಸುತ್ತಾರೆ.

2022ರಲ್ಲಿ ಕೇದಾರನಾಥದಲ್ಲಿ ನೀರಿನ ಬಾಟಲಿಗೆ ಕ್ಯೂಆರ್ ಚೀಟಿ ಅಂಟಿಸಿ ಹತ್ತು ರೂಪಾಯಿ ಪಡೆದು ಮರಳಿಸುವ ವ್ಯವಸ್ಥೆ ಮಾಡಿದರು. ಅಲ್ಲಿ ಹತ್ತುವುದೂ ಇಳಿಯುವುದೂ ಅದೇ ಕಾಲುದಾರಿ. ಗೋಕರ್ಣದ ತೀರಕ್ಕೆ ರಸ್ತೆಯಿಂದಲೂ ಬರುತ್ತಾರೆ, ಗುಡ್ಡದ ಮೇಲಿಂದಲೂ ಬರುತ್ತಾರೆ, ದೋಣಿಯಿಂದಲೂ ಬರುತ್ತಾರೆ.

ಗಂಗಾವಳಿ ದಂಡೆ

ಎಲ್ಲರಿಗೂ ಕೃತಜ್ಞತೆಗಳು. ಠರಾವಿನ ಬಗ್ಗೆ ನನಗೆ ಈಗ ಸ್ಪಷ್ಟವಾಯಿತು. ಆದರೆ ನಮ್ಮ ಹಿರಿಯರ ಪ್ರಶ್ನೆ ಹಾಗೆಯೇ ಉಳಿಯಿತು. ನಾಳೆ ರಾಜ್ಯ ಸರಕಾರವೇ ಠೇವಣಿ ತಂದಿತು ಎಂದಿಟ್ಟುಕೊಳ್ಳೋಣ. ಆಗ ದುಡ್ಡು ತರುವ ಬಾಟಲಿಗಳು ಅಂಗಡಿಗೆ ಹೋಗಿ, ಚಿಪ್ಸಿನ ಪೊಟ್ಟಣ, ಹಾಲಿನ ತೊಟ್ಟೆ, ಟೆಟ್ರಾ ಪ್ಯಾಕುಗಳು ಮಾತ್ರ ನಮ್ಮ ವಾಹನಕ್ಕೆ ಬಂದರೆ ಸಂಘ ಮುಳುಗುವುದಿಲ್ಲವೇ?

ಶಿರಸಿ ನಿವೃತ್ತ ಉಪನ್ಯಾಸಕ

ಮುಳುಗಬಹುದು, ಮತ್ತು ಇದು ನಿಮ್ಮ ಸಂಘಕ್ಕೆ ಮಾತ್ರ ಬಂದ ಭಯವಲ್ಲ. ಠೇವಣಿ ಪದ್ಧತಿ ಬಂದಲ್ಲೆಲ್ಲ ನಗರಸಭೆಗಳು ಈ ತಕರಾರನ್ನು ಎತ್ತಿವೆ: ಕಸದ ಬುಟ್ಟಿಯಲ್ಲಿದ್ದ ಅಲ್ಯುಮಿನಿಯಂ ಡಬ್ಬಿಯನ್ನೂ ಒಳ್ಳೆಯ ಬಾಟಲಿಯನ್ನೂ ಎತ್ತಿಕೊಂಡು ಹೋಗಿ, ಬೆಲೆಯಿಲ್ಲದ್ದನ್ನು ನಮಗೆ ಬಿಡುತ್ತೀರಿ ಎಂದು. ಆ ತಕರಾರಿನಲ್ಲಿ ಹುರುಳಿದೆ.

ಆದರೆ ಸಂಘವು ಬಾಟಲಿಯನ್ನು ಮಾರುವ ಜಾಗದಿಂದ ಅದನ್ನು ಸ್ವೀಕರಿಸುವ ಜಾಗಕ್ಕೆ ಸರಿದರೆ ಲೆಕ್ಕ ತಿರುಗುತ್ತದೆ. ಒಂದು ಕಲ್ಪಿತ ಲೆಕ್ಕ ಹಾಕೋಣ. ಸೀಸನ್ನಿನ ಒಂದು ದಿನ 300 ನೀರಿನ ಬಾಟಲಿಗಳು ಬರುತ್ತವೆ ಎಂದುಕೊಳ್ಳಿ. ಇಂದಿನಂತೆ ಐವತ್ತು ಪೈಸೆಯ ಹಾಗೆ ಮಾರಿದರೆ 150 ರೂಪಾಯಿ. ಸಂಘವನ್ನೇ ಅಧಿಕೃತ ಮರಳಿಸುವ ಕೇಂದ್ರವನ್ನಾಗಿ ಮಾಡಿ, ಬಾಟಲಿಯೊಂದಕ್ಕೆ ಎರಡು ರೂಪಾಯಿ ನಿರ್ವಹಣಾ ಶುಲ್ಕ ಗೊತ್ತುಪಡಿಸಿದರೆ 600 ರೂಪಾಯಿ, ಬಾಟಲಿಯ ಪ್ಲಾಸ್ಟಿಕ್ಕೆಲ್ಲ ಕಂಪನಿಯ ಪಾಲಾದರೂ ಸಹ. ಗುಜರಿ ದರ ಬಿದ್ದರೂ ಈ ಹಣ ಬೀಳುವುದಿಲ್ಲ. ತೀರದಲ್ಲಿ ಬಿದ್ದ ಬಾಟಲಿಯನ್ನು ನಿಮ್ಮವರೇ ಹೆಕ್ಕಿದರೆ ಠೇವಣಿಯೂ ಅವರದೇ. ಕೇರಳದಲ್ಲಿ ಖಾಲಿ ಬಾಟಲಿ ಸ್ವೀಕರಿಸುವ ಕೆಲಸದಲ್ಲಿ ಅಲ್ಲಿನ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಮಹಿಳೆಯರನ್ನು ತೊಡಗಿಸಿದ್ದಾರೆ. ನಮ್ಮಲ್ಲಿಯೂ ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳಿವೆ. ಮುರ್ಡೇಶ್ವರದವರ ಅಂಗಡಿಯ ಮೂಲೆಯೂ ಉಳಿಯುತ್ತದೆ.

ಈ ಹಣ ಎಲ್ಲಿಂದ ಬರಬೇಕು ಎಂದರೆ, ಬಾಟಲಿ ತುಂಬುವವರಿಂದ. ಕೇಂದ್ರ ಸರಕಾರದ 2022ರ ಫೆಬ್ರುವರಿಯ ವಿಸ್ತೃತ ಉತ್ಪಾದಕ ಹೊಣೆಗಾರಿಕೆಯ (ತಾವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ ಕಸಕ್ಕೆ ಕಂಪನಿಗಳೇ ಹೊಣೆ ಎಂಬ) ಮಾರ್ಗಸೂಚಿಯಲ್ಲಿ ಠೇವಣಿ ಮರುಪಾವತಿ ಯೋಜನೆಯನ್ನು ಕಂಪನಿಗಳು ನಡೆಸಬಹುದು ಎಂದಿದೆ, ನಡೆಸಲೇಬೇಕು ಎಂದಿಲ್ಲ. ಅದೇ ಮಾರ್ಗಸೂಚಿ ಬಾಟಲಿಯಂಥ ಗಡುಸು ಪ್ಲಾಸ್ಟಿಕ್ಕಿನಲ್ಲಿ 2025-26ರಿಂದ ಶೇ. 30ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕೆಂದೂ, 2028-29ಕ್ಕೆ ಅದು ಶೇ. 60 ಆಗಬೇಕೆಂದೂ ಗುರಿ ಇಟ್ಟಿದೆ. ಬಾಟಲಿಯಿಂದ ಮತ್ತೆ ಬಾಟಲಿ ಮಾಡಲು ಸ್ವಚ್ಛ ಮಾಲು ಬೇಕು. ಅನ್ನ ಸಾರು ಮೆತ್ತಿದ ಬಾಟಲಿ ಹೆಚ್ಚೆಂದರೆ ಪಾಲಿಯೆಸ್ಟರ್ ನೂಲಿಗೆ ಹೋಗುತ್ತದೆ. ಹಾಗಾಗಿ ಕಂಪನಿಗಳಿಗೂ ಸ್ವಚ್ಛವಾಗಿ ಮರಳುವ ಬಾಟಲಿಯ ಅಗತ್ಯ ಹೆಚ್ಚುತ್ತಿದೆ, ಮತ್ತು ಚೌಕಾಸಿ ಮಾಡಲು ಇದು ಕೆಟ್ಟ ಕಾಲವಲ್ಲ. ಒಂದು ಪಂಚಾಯತಿಯ ಮಾತನ್ನು ಅವರು ಕೇಳಲಾರರು. ಕರಾವಳಿಯ ಐದು ತಾಲೂಕುಗಳ ಒಕ್ಕೂಟಗಳು ಜಿಲ್ಲಾ ಪಂಚಾಯತಿಯ ಮೂಲಕ ಒಟ್ಟಾಗಿ ಕೇಳಿದರೆ ಕೇಳಬಹುದು.

ಅಷ್ಟರವರೆಗೆ ಪಂಚಾಯತಿಯ ಕೈಯಲ್ಲಿಯೇ ಇರುವ ಒಂದು ಕೆಲಸವನ್ನು ಮಾಡಿ. ತೀರದ ಕೆಫೆ, ಹೋಂಸ್ಟೇಗಳಿಂದ ಮನೆಗಳಿಗೆ ವಿಧಿಸುವ ದರವನ್ನೇ ಪಡೆಯುತ್ತಿದ್ದರೆ ನಿಲ್ಲಿಸಿ, ಬೆಲೆಯಿಲ್ಲದ ಕಸಕ್ಕೆ ಚೀಲದ ಲೆಕ್ಕದಲ್ಲಿ ಶುಲ್ಕ ಹಾಕಿ. ಬಾಟಲಿ, ರಟ್ಟುಗಳನ್ನು ಬೇರ್ಪಡಿಸಿ ಕೊಟ್ಟರೆ ಅವಕ್ಕೆ ಶುಲ್ಕವಿಲ್ಲ ಎನ್ನಿ. ಬಳಕೆದಾರರ ಶುಲ್ಕ ವಿಧಿಸಲು 2016ರ ಘನತ್ಯಾಜ್ಯ ನಿಯಮಗಳಲ್ಲಿಯೇ ಸ್ಥಳೀಯ ಸಂಸ್ಥೆಗಳಿಗೆ ಅವಕಾಶ ಕೊಟ್ಟಿದ್ದರು, ಇದಕ್ಕೆ ಹೈಕೋರ್ಟಿನ ಆದೇಶ ಬೇಕಾಗಿಲ್ಲ. ಚಿಪ್ಸಿನ ಪೊಟ್ಟಣವನ್ನು ಸಾಗಿಸುವ ಖರ್ಚು ನೀರಿನ ಬಾಟಲಿಯ ಲಾಭದ ಮೇಲೆ ನಿಂತಿರುವುದು ತಪ್ಪಬೇಕು. ಅದು ತಪ್ಪಿದರೆ ಠೇವಣಿ ಬಂದ ದಿನ ಸಂಘಕ್ಕೆ ಪೆಟ್ಟು ಬೀಳುವುದಿಲ್ಲ.

ಹಳೆಮಾಲು ಕಾರವಾರ

ಉಪನ್ಯಾಸಕರ ಎರಡು ರೂಪಾಯಿಯ ಬಗ್ಗೆ ನನಗೆ ಅನುಮಾನವಿದೆ. ಕಂಪನಿಯವರು ಐವತ್ತು ಪೈಸೆಯಿಂದ ಮಾತು ಶುರುಮಾಡುತ್ತಾರೆ, ಒಂದು ರೂಪಾಯಿಗೆ ನಿಂತರೆ ಪುಣ್ಯ. ಒಂದು ರೂಪಾಯಿಯಾದರೂ ಲೆಕ್ಕ ಇಂದಿಗಿಂತ ಮೇಲೆಯೇ ಇರುತ್ತದೆ, ಹಾಗಾಗಿ ವಾದ ಮುರಿಯುವುದಿಲ್ಲ.

ಅಕ್ಕ, ಕೆಫೆಗಳೊಂದಿಗೆ ಮಾತಾಡುವಾಗ ಬಿಯರ್ ಬಾಟಲಿಯನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿಯೇ ಕೊಡಬೇಕು ಎಂದು ಮೊದಲೇ ಹೇಳಿ. ಚೀಲಕ್ಕೆ ಹಾಕಿ ಎಳೆದರೆ ಬಾಯಿಯ ಅಂಚು ಏಳುತ್ತದೆ, ಎಣಿಕೆಯ ಮಾಲು ತೂಕದ ಮಾಲಾಗುತ್ತದೆ. ನೀರಿನ ಬಾಟಲಿಯ ಮುಚ್ಚಳವನ್ನು ಬೇರೆ ಮಾಡುವ ಗೋಜು ಬೇಡ. ಪುಡಿ ಮಾಡಿ ನೀರಿನ ತೊಟ್ಟಿಗೆ ಹಾಕಿದಾಗ ಬಾಟಲಿಯ ಪ್ಲಾಸ್ಟಿಕ್ ಮುಳುಗುತ್ತದೆ, ಮುಚ್ಚಳದ್ದು ತೇಲುತ್ತದೆ, ಅಲ್ಲಿಯೇ ಬೇರೆಯಾಗುತ್ತದೆ. ಈಗ ನಿಮ್ಮವರು ಜಾಗ ಉಳಿಸಲು ಬಾಟಲಿಯನ್ನು ತುಳಿದು ಚಪ್ಪಟೆ ಮಾಡುತ್ತಾರೆ, ಅದು ಸರಿಯೇ. ಠೇವಣಿಯ ಚೀಟಿ ಬಂದ ಮೇಲೆ ಮಾತ್ರ ಸ್ಕ್ಯಾನ್ ಆಗುವ ತನಕ ತುಳಿಯಬಾರದು. ಅಷ್ಟು ಮಾಲನ್ನು ಹಾಗೆಯೇ ಇಡಲು ನಿಮ್ಮ ಘಟಕದ ಈಗಿನ ಜಾಗ ಸಾಲುವುದಿಲ್ಲ. ಜಿಲ್ಲಾ ಪಂಚಾಯತಿಗೆ ಅರ್ಜಿ ಬರೆಯುವಾಗ ಶೆಡ್ಡಿಗೂ ಬೇಲು ಕಟ್ಟುವ ಯಂತ್ರಕ್ಕೂ ಸೇರಿಸಿಯೇ ಬರೆಯಿರಿ.